ಸಿಸ್ಟರ್ ಮುಚ್ಚಿಟ್ಟ ನೆಗಡಿ

ಲೈಬ್ರರಿಯ ಆ ಹುಡುಗಿ ಒಂದೇ ವಾರದಲ್ಲಿ ಮೂರನೇ ಸಲ ಮೂಗು ತೋರಿಸಲು ಬಂದಾಗ ಸಿಸ್ಟರ್‌ಗೆ ಮೈಯೆಲ್ಲ ಉರಿದುಹೋಯಿತು.

ಆರೋಗ್ಯ ಕೇಂದ್ರದಲ್ಲಿ ಗಾಜಿನ ಅಡ್ಡಗೋಡೆಯ ಈ ಕಡೆ ಸಿಸ್ಟರ್ ಕೋವಿಡ್ ಲಸಿಕೆ ಹಾಕುವ ಮೇಜು, ಆ ಕಡೆ ಲ್ಯಾಬಿನವನ ಕುರ್ಚಿ. ಕೆಮ್ಮು, ನೆಗಡಿ ಅಂತ ಬಂದವರನ್ನು ಕೂರಿಸಿ, ಗದ್ದ ಹಿಡಿದು ಮುಖ ಎತ್ತಿಸಿ, ಮೂಗಿನೊಳಗೆ ಹತ್ತಿಯ ಕಡ್ಡಿ ಆಡಿಸುವುದು ಅವನ ಕೆಲಸ. ಎಷ್ಟೋ ಗದ್ದ ಹಿಡಿದಿದ್ದ. ಸಿಸ್ಟರ್ ಎಂದೂ ತಲೆ ಕೆಡಿಸಿಕೊಂಡವಳಲ್ಲ. ಆದರೆ ಈ ಗದ್ದದ ಮೇಲೊಂದು ಮುದ್ದಾದ ಮಚ್ಚೆ ಇತ್ತು.

"ಏನ್ರೀ, ಮತ್ತೆ ಬಂದ್ರಾ?" ಅಂದ ಅವನು ನಗುತ್ತಾ.

ಏನ್ರೀ! ಇಡೀ ಕೇಂದ್ರ ತನ್ನನ್ನು ಸಿಸ್ಟರ್ ಅನ್ನುವಾಗ ಅವನೊಬ್ಬ ಮಾತ್ರ 'ಏನ್ರೀ' ಅನ್ನುತ್ತಾನೆ ಎಂಬ ಸುಖದಲ್ಲೇ ಎರಡು ವರ್ಷ ತಳ್ಳಿದ್ದಳು. ಪಾಪ, ಅದು ತನಗೊಬ್ಬಳಿಗೇ ಮೀಸಲು ಅಂದುಕೊಂಡಿದ್ದಳು.

"ಏನಮ್ಮ ಸಿಸ್ಟರ್, ಸೂಜಿ ಹಾಕ್ತಿದ್ದೀಯೋ, ಸೇಡು ತೀರಿಸ್ಕೋತಿದ್ದೀಯೋ?" ಎದುರಿಗಿದ್ದ ತಾತ ತೋಳು ಉಜ್ಜಿಕೊಂಡರು.

ಅವಳು ನಾಲಿಗೆ ಕಚ್ಚಿಕೊಂಡು, ದಿನಕ್ಕೆ ನಲವತ್ತು ಸಲ ಹೇಳುವ ಪಾಠ ಒಪ್ಪಿಸಿದಳು. "ತೋಳು ಒಂದೆರಡು ದಿನ ನೋಯುತ್ತೆ ತಾತ. ಲಸಿಕೆ ಆಯ್ತು ಅಂತ ಮೈಮರೀಬೇಡಿ. ನೆಗಡಿ, ಜ್ವರ ಬಂದ್ರೆ ಆವತ್ತೇ ಟೆಸ್ಟ್ ಮಾಡಿಸಿ, ಮನೇಲೇ ಇರಿ. ನಿಮ್ಮ ವಯಸ್ಸಿಗೆ ಮಾತ್ರೆ ಬೇಕಾದ್ರೆ ಬೇಗ ಶುರು ಮಾಡ್ಬೇಕು." ಮುಗಿಸುವಷ್ಟರಲ್ಲಿ ಸೀನು ಬಂತು. ಮುಖ ತಿರುಗಿಸಿ ಮಾಸ್ಕಿನೊಳಗೇ ಸೀನಿದಳು.

ನಿನ್ನೆಯಿಂದ ಅವಳಿಗೆ ನೆಗಡಿ, ಗಂಟಲಲ್ಲಿ ಕೆರೆತ. ಟೆಸ್ಟ್ ಮಾಡಿಸಿ ಪಾಸಿಟಿವ್ ಬಂದರೆ ಐದು ದಿನ ಮನೆ. ಐದು ದಿನ ಆ ಮಚ್ಚೆಯೂ ಈ 'ಏನ್ರೀ'ಯೂ ಗಾಜಿನ ಆಚೆ, ಕೇಳುವವರೇ ಇಲ್ಲದೆ! ಅದಕ್ಕೇ ಎರಡು ಮಾಸ್ಕ್ ಬಿಗಿದುಕೊಂಡು ಬಂದಿದ್ದಳು. ಊರಿಗೆಲ್ಲ ಬುದ್ಧಿ ಹೇಳುವವಳ ಬುದ್ಧಿ ಹೊಟ್ಟೆಕಿಚ್ಚಿನ ಮುಂದೆ ಮಂಡಿಯೂರಿತ್ತು.

ಊಟದ ಹೊತ್ತಿಗೆ ಅವನು ಬಾಗಿಲಲ್ಲಿ ನಿಂತಿದ್ದ.

"ಏನ್ರೀ, ಬೆಳಗ್ಗೆಯಿಂದ ಏಳು ಸಲ ಸೀನಿದ್ರಿ. ಬನ್ನಿ, ಕೂತ್ಕೊಳ್ಳಿ."

"ಎಣಿಸ್ತಿದ್ರಾ? ಲೈಬ್ರರಿಯವರ ಜೊತೆ ಮಾತಾಡ್ತಾ ಅಷ್ಟು ಪುರುಸೊತ್ತಿತ್ತಾ?"

ಅವನು ಹುಬ್ಬೇರಿಸಿದ. "ಅವರು ವೃದ್ಧಾಶ್ರಮದಲ್ಲಿ ಕಥೆ ಓದಿ ಹೇಳ್ತಾರೆ. ಒಳಗೆ ಹೋಗೋ ಮುಂಚೆ ಪ್ರತಿ ಸಲ ಟೆಸ್ಟ್ ಆಗ್ಬೇಕಂತೆ. ಅವರು ನೆಗಡಿ ಇಲ್ದೆ ಇದ್ರೂ ಬರ್ತಾರೆ. ನೀವು ಇದ್ರೂ ಬರಲ್ಲ."

ಆ ಮಾತು ನಾಟಿತು. ಹೋಗಿ ಎರಡೂ ಮಾಸ್ಕ್ ಇಳಿಸಿ ಕೂತಳು. ಅವನ ಬೆರಳು ಗದ್ದ ಎತ್ತಿತು. ಅವನ ಮಾಸ್ಕಿನ ಮೇಲಿಂದ ಇಣುಕುವ ಕಣ್ಣು, ರೆಪ್ಪೆ ಎಣಿಸುವಷ್ಟು ಹತ್ತಿರ. ಎರಡು ವರ್ಷ ಕಾದ ಗಳಿಗೆ, ಬಂದದ್ದು ಸುರಿಯುವ ಮೂಗಿನ ಜೊತೆ!

ಕಾಲು ಗಂಟೆಗೆ ಟೆಸ್ಟ್ ಪಟ್ಟಿಯ ಮೇಲೆ ಎರಡು ಗೆರೆ ಮೂಡಿದವು. ಪಾಸಿಟಿವ್.

"ಮನೇಲಿ ಯಾರಿದ್ದಾರೆ?"

"ಅಮ್ಮ," ಅಂದವಳಿಗೆ ಆಗಲೇ ಹೊಳೆದದ್ದು. "ಅಮ್ಮನಿಗೆ ಉಬ್ಬಸ. ನಿನ್ನೆಯೆಲ್ಲ ಪಕ್ಕದಲ್ಲೇ ಕೂತಿದ್ದೆ."

"ಮನೆಗೆ ಹೋಗಿ. ಬೆಳಗ್ಗೆ ಬಂದವರಿಗೆಲ್ಲ ನೀವೇ ಫೋನ್ ಮಾಡಿ ಹೇಳಿ. ಸಂಜೆ ಬಂದು ಅಮ್ಮನಿಗೂ ಟೆಸ್ಟ್ ಮಾಡ್ತೀನಿ."

ಮಧ್ಯಾಹ್ನವೆಲ್ಲ ಮನೆಯ ರೂಮಿನಲ್ಲಿ ಒಬ್ಬಳೇ ಕೂತು ಫೋನಿನಲ್ಲಿ ಒಬ್ಬೊಬ್ಬರಿಗೂ ತಪ್ಪೊಪ್ಪಿಕೊಂಡಳು. ಸಂಜೆ ಹೊರಗೆ ಅವನ ದನಿ ಕೇಳಿದಾಗ ಮುಚ್ಚಿದ ಬಾಗಿಲಿಗೆ ಕಿವಿ ಹಚ್ಚಿದಳು. "ಅಮ್ಮಾ, ತಲೆ ಸ್ವಲ್ಪ ಮೇಲೆ," ಅಂದ. ಅಮ್ಮ ಏನಕ್ಕೋ ನಕ್ಕಳು. ನಾಚಿಕೆಗೆಟ್ಟ ಹೊಟ್ಟೆಕಿಚ್ಚು, ಹೆತ್ತ ತಾಯಿಯ ಮೇಲೂ ಒಂದು ಕ್ಷಣ ಹೊಗೆಯಾಡಿತು.

"ಕಾಲು ಗಂಟೆ ಕಾಯ್ಬೇಕಮ್ಮ."

"ಅಲ್ಲೀವರೆಗೂ ಸುಮ್ನೆ ಯಾಕೆ ಕೂರೋದು? ನಮ್ಮ ಹುಡುಗಿ ನೆಗಡಿ ಯಾಕೆ ಮುಚ್ಚಿಟ್ಲು, ಕೇಳಿದ್ರಾ?"

"ಧೈರ್ಯ ಆಗ್ಲಿಲ್ಲ."

ಒಳಗಿನಿಂದ ಅವಳೇ ಹೇಳಿಬಿಟ್ಟಳು. "ಐದು ದಿನ ನಿಮ್ಮನ್ನ ಆ ಲೈಬ್ರರಿಯವಳಿಗೆ ಬಿಟ್ಟುಕೊಟ್ಟು ಇರೋಕಾಗ್ಲಿಲ್ಲ ನಂಗೆ. ಅಮ್ಮನ್ನೂ ಅಪಾಯಕ್ಕೆ ತಳ್ಳಿದೆ. ಬೈಯಿರಿ."

"ಬೈತೀನಿ," ಅಂದ ಅವನು. "ಮೊದಲು ಗೆರೆ ನೋಡ್ತೀನಿ."

ಬಾಗಿಲಿಗೆ ಹಣೆ ಒತ್ತಿ ಕಾದಳು. ಆ ಹೊತ್ತಿನಲ್ಲಿ ಲೈಬ್ರರಿಯವಳು ಅವಳಿಗೆ ನೆನಪೇ ಆಗಲಿಲ್ಲ.

"ಒಂದೇ ಗೆರೆ. ಸದ್ಯಕ್ಕೆ ಇಲ್ಲ. ನಾಡಿದ್ದು ಮತ್ತೆ ನೋಡ್ಬೇಕು."

ಅವಳಿಗೆ ಅಳು ಒತ್ತರಿಸಿ ಬಂತು. "ಈಗ ಬೈಯಿರಿ."

"ಎರಡು ವರ್ಷದಿಂದ ಬಾಯಿ ಬಿಡದೆ ಇದ್ದೀನಲ್ಲ, ಮೊದಲು ನನ್ನನ್ನ ಬೈಬೇಕು." ದನಿ ಬಾಗಿಲಿಗೇ ಅಂಟಿಕೊಂಡಷ್ಟು ಹತ್ತಿರವಿತ್ತು. "ಒಂದು ಸಲ ಹೇಳಿದ್ದಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ. ನನ್ನ ಮದುವೆ ಆಗ್ತೀರಾ?"

"ಬಾಗಿಲನ್ನ ನೋಡ್ತಾ ಹೆಣ್ಣು ಕೇಳೋದನ್ನ ಇವತ್ತೇ ಕಂಡಿದ್ದು," ಅನ್ನುತ್ತಾ ಅಮ್ಮ ಅಡುಗೆಮನೆಗೆ ಹೊರಟುಹೋದಳು.

ಅವಳ ಕೈ ಚಿಲಕಕ್ಕೆ ಹೋಯಿತು. "ಬಾಗಿಲು ತೆಗೀಲಾ?"

"ಬೇಡ. ಐದು ದಿನ ಅಂದ್ರೆ ಐದು ದಿನ. ದಿನಾ ಸಂಜೆ ನಾನೇ ಬಂದು ಇಲ್ಲಿ ಕೂರ್ತೀನಿ."

ಅವಳು ಚಿಲಕ ಬಿಟ್ಟಳು. "ಹೂಂ, ಆಗ್ತೀನಿ," ಅಂದಳು. ಆಮೇಲೆ ಇಬ್ಬರೂ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು, ಅವಳು ಈ ಕಡೆ, ಅವನು ಆ ಕಡೆ.