ಮೂರನೆಯ ಬ್ಯಾಟರಿ

ಕೀಲಿ ತಿರುಗಿಸಿದಳು. ಕಟಕ್ — ಅಷ್ಟೇ. ಮತ್ತೊಮ್ಮೆ ತಿರುಗಿಸಿದಳು. ಈ ಸಲ ಅದೂ ಇಲ್ಲ.

ಭಾನುವಾರ ಬೆಳಗ್ಗೆ, ಮನೆಯ ಹಿಂದಿನ ಶೆಡ್ಡಿನಲ್ಲಿ, ತನ್ನ ಕೆಂಪು ಸ್ಪೋರ್ಟ್ಸ್ ಕಾರಿನ ಸ್ಟೀರಿಂಗಿಗೆ ಹಣೆಯಿಟ್ಟು ಸೊಸೆ ಕೂತುಬಿಟ್ಟಳು. ಇದು ಮೂರನೆಯ ಬ್ಯಾಟರಿ. ಹಾಕಿಸಿ ತಿಂಗಳೂ ಆಗಿರಲಿಲ್ಲ.

ಯಾರೋ ಓಡಿಸಿ ಬಿಟ್ಟ ಹಳೆಯ ಕಾರು. ಕೊಂಡಾಗ ಅಗ್ಗ, ಸಾಕುವಾಗ ಬಿಳಿಯಾನೆ. ಟೈರು ನುಂಗಿತು, ಬ್ರೇಕು ನುಂಗಿತು, ಇನ್ಶೂರೆನ್ಸಿನ ಹೆಸರಿನಲ್ಲಿ ವರ್ಷಕ್ಕೊಮ್ಮೆ ರಕ್ತ ಹೀರಿತು. ಅವಳು ಸಹಿಸಿದಳು. ಫಿಸಿಯೋಥೆರಪಿ ಕ್ಲಿನಿಕ್ಕಿಗೆ ವಾರವೆಲ್ಲ ಬಸ್ಸಿನಲ್ಲೇ ಹೋಗಿಬಂದು, ಭಾನುವಾರದ ಒಂದು ಸುತ್ತಿಗಾಗಿ ಬದುಕಿದಳು. ಈಗ ಮೆಕ್ಯಾನಿಕ್ ವಯರಿಂಗ್ ಪೂರ್ತಿ ಬದಲಿಸಬೇಕು ಎಂದಿದ್ದ. ಆ ಖರ್ಚು ಅವಳ ಕೈಲಾಗದ್ದು. ಪಕ್ಕದ ಬೀದಿಯ ಕನ್ನಡಕದಂಗಡಿಯವರು ಸಂಜೆ ಬಂದು ಕಾರು ಕೊಂಡು ಒಯ್ಯುವುದೆಂದು ಮಾತಾಗಿತ್ತು. ಕೊನೆಯ ಸುತ್ತು ಹೊಡೆಯೋಣವೆಂದು ಕೂತರೆ, ಅದಕ್ಕೂ ಕಲ್ಲು ಬಿತ್ತು.

"ಇನ್ನೂ ಸಂಜೆಯಾಗಿಲ್ಲ, ಯಾಕಮ್ಮ ಅಳ್ತೀಯ?"

ಬಾಗಿಲಲ್ಲಿ ಸರ್ವೆ ಅತ್ತೆ ನಿಂತಿದ್ದರು. ಮಾವನ ತಂಗಿ. ನಜ್ಜುಗುಜ್ಜಾದ ವಾಹನ ನೋಡಿ, ಇನ್ಶೂರೆನ್ಸಿನವರ ಪರವಾಗಿ ನಿಜವೆಷ್ಟು ಸುಳ್ಳೆಷ್ಟು ಎಂದು ಬರೆಯುವ ಸರ್ವೇಯರ್ ಕೆಲಸ ಅವರದು; ಅದಕ್ಕೇ ಆ ಹೆಸರು. ಹಿಂದಿನ ದಿನವಷ್ಟೇ ಬಂದಿಳಿದಿದ್ದರು.

ಅತ್ತೆ ಕಾರಿನೊಳಗೆ ತಲೆ ತೂರಿಸಿದರು. "ಪಕ್ಕದ ಸೀಟಲ್ಲಿ ಬಿಳಿ ಕೂದಲು ಯಾರದ್ದು?"

"ಬೆಕ್ಕಿಂದು. ನನ್ನ ಬಟ್ಟೆಗೆ ಅಂಟಿ ಬಂದಿರತ್ತೆ ಅತ್ತೆ."

"ಹೂಂ. ಈ ಎರಡು ಗುಂಡಿ?"

"ಸೀಟು ಬೆಚ್ಚಗಾಗೋಕೆ. ಹಿಂದಿನವರ ಶೋಕಿ. ನಾನು ಒಂದು ದಿನವೂ ಮುಟ್ಟಿಲ್ಲ."

ಅತ್ತೆ ಆ ಗುಂಡಿಗಳ ಮೇಲೆ ಬೆರಳಾಡಿಸಿ ನೋಡಿಕೊಂಡರು, ಪಕ್ಕದ ಗುಂಡಿಗಳ ಮೇಲೂ ಆಡಿಸಿ, ಬೆರಳು ಸೆರಗಿಗೆ ಒರೆಸಿಕೊಂಡರು.

ಅಷ್ಟರಲ್ಲಿ ಮೆಕ್ಯಾನಿಕ್ ಬಂದ. ಅತ್ತೆ ಅವನತ್ತ ತಿರುಗಿದರು.

"ಬ್ಯಾಟರಿ ಸತ್ತಷ್ಟೂ ನಿನಗೇ ವ್ಯಾಪಾರ, ಅಲ್ವೇನಪ್ಪ?"

"ಅಯ್ಯೋ ಅಮ್ಮಾ! ಇದನ್ನ ಗ್ಯಾರಂಟಿಯಲ್ಲಿ ಸುಮ್ಮನೆ ಕೊಟ್ಟಿರೋದು."

"ಎಲ್ಲ ಆಫ್ ಮಾಡಿ ಅಳೆದು ನೋಡಿದ್ಯಾ?"

"ನೋಡ್ದೆ. ಕರೆಂಟು ಒಂದು ಚೂರೂ ಸೋರ್ತಿಲ್ಲ. ಅದಕ್ಕೇ ವಯರಿಂಗ್ ಮೇಲೆ ಅನುಮಾನ."

"ಸೋರ್ತಿಲ್ಲ ಅನ್ನೋನೂ ನೀನೇ, ವಯರಿಂಗ್ ಬದಲಿಸಿ ಅನ್ನೋನೂ ನೀನೇ!"

ಮೆಕ್ಯಾನಿಕ್ ಬಾನೆಟ್ ಎತ್ತಿ ಒಳಗೆ ಬಗ್ಗಿದ.

ಹಜಾರದಲ್ಲಿ ವಿಚಾರಣೆ ಮುಂದುವರಿಯಿತು. ಲೈಬ್ರರಿಯಲ್ಲಿ ಕೆಲಸ ಮಾಡುವ ಗಂಡ, ಮನೆಯಲ್ಲೂ ಪಿಸುಮಾತಿನವನು, ಕುರ್ಚಿಯ ತುದಿಯಲ್ಲಿ ಕೂತಿದ್ದ.

"ಕಾರು ಹೋದ್ರೆ ನಿನಗೆ ಖುಷಿ ತಾನೇ?"

"ಖರ್ಚು ಹೋದ್ರೆ ಖುಷಿ ಅತ್ತೆ. ಕಾರು ಹೋದ ಮೇಲೆ ಇವಳ ಮುಖ ನೋಡೋರು ಯಾರು?" ಅವನು ದನಿ ಇನ್ನೂ ತಗ್ಗಿಸಿದ. "ಕಮ್ಮಿಗೆ ಹೊಡ್ಕೊಳ್ಳೋಣ ಅಂತ ಕನ್ನಡಕದವರೇ ಏನಾದ್ರೂ — ?"

"ಶೆಡ್ಡಿಗೆ ಬೀಗ. ಬೀಗದ ಕೈ, ಕಾರಿನ ಕೀಲಿ, ಎರಡೂ ಈ ಗೋಡೆ ಮೊಳೆಯಲ್ಲಿ. ಕಳ್ಳ ಹೊರಗಿನವನಲ್ಲಪ್ಪ."

ಎಲ್ಲರ ಕಣ್ಣೂ ಮಾವನತ್ತ ಹೊರಳಿತು. ಬಸ್ ಡ್ರೈವರಾಗಿ ನಿವೃತ್ತರಾದವರು. ಕಾರು ಬಂದ ದಿನದಿಂದಲೂ ಅದನ್ನು ಬಯ್ಯದೆ ಅವರಿಗೆ ಕಾಫಿ ಇಳಿಯುತ್ತಿರಲಿಲ್ಲ. ತೊಡೆಯ ಮೇಲೆ ಬಿಳಿ ಬೆಕ್ಕು ನಿದ್ದೆಹೋಗಿತ್ತು.

"ನಾನಾ? ಕೂತರೆ ರಸ್ತೆ ಬೆನ್ನು ಕೆರೆಯುತ್ತೆ, ಅಂಥ ಗಾಡಿ ಅದು! ಆ ತಗಡಿನ ಡಬ್ಬಿಗೆ ನನ್ನ ನೆರಳೂ ಸೋಕಿಸಲ್ಲ."

"ಸರಿ ಅಣ್ಣ," ಎಂದು ಅತ್ತೆ ಮೊಣಕಾಲು ನೀವಿಕೊಂಡರು. "ನಂಗೆ ಮಂಡಿ ನೋವು. ಬಿಸಿನೀರಿನ ಚೀಲ ಇದ್ರೆ ಕೊಡಮ್ಮ."

ಸೊಸೆ ಬೀರುವಿನಿಂದ ರಬ್ಬರ್ ಚೀಲ ತಂದಳು. ಒಳಮೈ ಒಂದಕ್ಕೊಂದು ಮೆತ್ತಿಕೊಂಡು ಒಣಗಿತ್ತು. ಎಳೆದರೂ ಬಾಯಿ ಬಿಡಲಿಲ್ಲ.

"ಯಾರೂ ಮುಟ್ಟೇ ಇಲ್ಲ ಅತ್ತೆ. ಮೊದಲು ಮಾವನ ಸೊಂಟಕ್ಕೆ ದಿನಾ ಬೇಕಿತ್ತು. ಕುರ್ಚಿಯಿಂದ ಎಬ್ಬಿಸೋಕೆ ಇಬ್ಬರು ಬೇಕಿತ್ತು. ಆಮೇಲೆ ನಾನು ವ್ಯಾಯಾಮ ಹೇಳಿಕೊಟ್ಟೆ ನೋಡಿ —" ಆ ದುಃಖದಲ್ಲೂ ಅವಳ ದನಿಯಲ್ಲಿ ಹೆಮ್ಮೆ ಇಣುಕಿತು. "ಈಗ ಹೇಗೆ ಓಡಾಡ್ತಾರೆ! ಕ್ಲಿನಿಕ್ಕಲ್ಲೂ ಎಲ್ಲರಿಗೂ ಹೇಳ್ತೀನಿ."

"ವ್ಯಾಯಾಮದ ಚಾಪೆ ಎಲ್ಲಿ?"

ಮಾವ ಕೆಮ್ಮಿದರು. ಚಾಪೆ ಅವರ ಮಂಚದಡಿ ಸಿಕ್ಕಿತು. ಅಂಗಡಿಯ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿಯೇ ಇರಲಿಲ್ಲ.

ಅತ್ತೆ ಚಾಪೆಯನ್ನೂ ಚೀಲವನ್ನೂ ಮೇಜಿನ ಮೇಲಿಟ್ಟರು.

"ನೀವೆಲ್ಲ ಕಾರಲ್ಲಿ ಏನು ಕೆಟ್ಟಿದೆ ಅಂತ ಹುಡುಕಿದ್ರಿ. ನಾನು ಮನೇಲಿ ಏನು ಸರಿಹೋಗಿದೆ ಅಂತ ಹುಡುಕ್ದೆ. ಸರಿಹೋಗಿರೋದು ಒಂದೇ — ಅಣ್ಣನ ಸೊಂಟ. ವ್ಯಾಯಾಮ ಮಾಡಿಲ್ಲ. ಬಿಸಿನೀರು ಕೇಳಿಲ್ಲ. ಹಾಗಾದ್ರೆ ಶಾಖ ಎಲ್ಲಿಂದ ಬಂತು? ಕಾರಲ್ಲಿ ಎಲ್ಲಾ ಗುಂಡಿ ಮೇಲೂ ಧೂಳು, ಆ ಎರಡರ ಮೇಲೆ ಮಾತ್ರ ಇಲ್ಲ. ಇಂಜಿನ್ ಹಾಕದೆ ಅದನ್ನ ಒತ್ತಿ ಕೂತ್ರೆ ಬ್ಯಾಟರಿ ಖಾಲಿಯಾಗುತ್ತೆ. ಕೀಲಿ ತೆಗೆದ್ರೆ ಸೋರಿಕೆಯೂ ಇಲ್ಲ. ಮೆಕ್ಯಾನಿಕ್ ಜನ್ಮವಿಡೀ ಅಳೆದರೂ ಸಿಗಲ್ಲ! ಇನ್ನು ಕೂದಲು. ನಿನ್ನ ಬಟ್ಟೆಯಿಂದ ಬಂದಿದ್ರೆ ನೀನು ಕೂರೋ ಸೀಟಲ್ಲಿ ಇರಬೇಕಿತ್ತಮ್ಮ, ಪಕ್ಕದ್ದರಲ್ಲಲ್ಲ. ಅಣ್ಣನ ಪಕ್ಕ ಬಿಟ್ಟು ಈ ಬೆಕ್ಕು ಎಲ್ಲಾದ್ರೂ ಕೂರುತ್ತಾ?"

ಸೊಸೆಗೆ ಮೊದಲು ಹೊಳೆದದ್ದು ಬ್ಯಾಟರಿಯಲ್ಲ, ಕ್ಲಿನಿಕ್ಕಿನಲ್ಲಿ ಕೊಚ್ಚಿಕೊಂಡದ್ದು.

"ಒಂದು ದಿನವೂ ಮಾಡಿಲ್ವಾ ಮಾವ?"

"ಇಲ್ಲ," ಎಂದರು ಮಾವ. "ಊಟ ಆದಮೇಲೆ ಹೋಗಿ ಕೂರ್ತಿದ್ದೆ."

"ಬೆಕ್ಕಿನ ಸೀಟಿಗೂ ಬಿಸಿ ಹಾಕ್ತಿದ್ರಾ?"

"ಅದಕ್ಕೂ ವಯಸ್ಸಾಗಿದೆ."

ಗಂಡ ಮುಖ ತಿರುಗಿಸಿ ನಗು ನುಂಗಿದ.

"ಬಸ್ಸಲ್ಲಿ ಇಂಜಿನ್ನಿಂದಲೇ ಸೀಟು ಕಾಯ್ತಿತ್ತು. ಇದು ಬ್ಯಾಟರಿ ತಿನ್ನುತ್ತೆ ಅಂತ ಗೊತ್ತಾಗಿದ್ದು ಮೊನ್ನೆ, ಮೆಕ್ಯಾನಿಕ್ ಮಾತು ಕೇಳಿದಾಗ. ಹೇಳಬೇಕು ಅಂದ್ಕೊಂಡೆ. ಅಷ್ಟೊಂದು ಬೈದಿದ್ದೆನಲ್ಲ, ನಾಲಿಗೆ ಏಳಲಿಲ್ಲ." ಅವರು ಬೆಕ್ಕಿನ ಬೆನ್ನು ಸವರಿದರು. "ಬರೀ ಶಾಖಕ್ಕೆ ಅಲ್ಲಮ್ಮ. ಸ್ಟೀರಿಂಗ್ ಹಿಡಿದು ಎಷ್ಟು ವರ್ಷ ಆಗಿತ್ತು."

ಸೊಸೆಯ ಸಿಟ್ಟು ಜರ್ರನೆ ಇಳಿದುಹೋಯಿತು. ಈ ಮುದುಕನನ್ನು ತಾನು ಎಷ್ಟು ಹಚ್ಚಿಕೊಂಡಿದ್ದೇನೆಂದು ಅವಳಿಗೇ ಆಶ್ಚರ್ಯವಾಯಿತು.

ಹೊರಗೆ ಗೇಟಿನ ಸದ್ದಾಯಿತು. ಕನ್ನಡಕದಂಗಡಿಯವರಿಗೆ ಸಂಜೆಯವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಮಾವ ಯಾರ ಕೈಯನ್ನೂ ಹಿಡಿಯದೆ ಎದ್ದು ಬಾಗಿಲಿಗೆ ನಡೆದರು.

"ಕ್ಷಮಿಸಿ ಸ್ವಾಮಿ. ಗಾಡಿ ಕೊಡೋದಿಲ್ಲ. ಸೊಂಟದ ಔಷಧಿ ಅದು."

ಕನ್ನಡಕದವರು ಗೊಣಗುತ್ತ ಹೋದರು. ಮೆಕ್ಯಾನಿಕ್ ತನ್ನ ಗಾಡಿಯ ಬ್ಯಾಟರಿಯಿಂದ ವಯರು ಎಳೆದು ಕರೆಂಟು ಕೊಟ್ಟ. ಇಂಜಿನ್ ಗುರ್ ಎಂದಿತು.

"ದಿನಾ ಓಡಿದ್ರೆ ಬ್ಯಾಟರಿ ಸಾಯಲ್ಲ," ಎಂದ ಅವನು. "ಪೆಟ್ರೋಲ್ ಮಾತ್ರ —"

"ಪೆಟ್ರೋಲ್ ನಂದು," ಎಂದರು ಮಾವ.

"ವ್ಯಾಯಾಮ ನಿಮ್ಮದು," ಎಂದಳು ಸೊಸೆ. "ಚಾಪೆ ಬಿಚ್ಚಿದ ಮೇಲೇ ಕೀಲಿ. ನಾಳೆಯಿಂದ ನನ್ನನ್ನ ಕ್ಲಿನಿಕ್ಕಿಗೆ ಬಿಡೋದು ನೀವೇ."

ಇವತ್ತಿಗೆ ಮಾತ್ರ ಮಾಫಿ ಮಾಡಿ, ಬೆಕ್ಕನ್ನು ಮಡಿಲಿಗೆಳೆದುಕೊಂಡು ಅವಳು ಪಕ್ಕದ ಸೀಟಿನಲ್ಲಿ ಕೂತಳು. ಮಾವ ಸ್ಟೀರಿಂಗ್ ಹಿಡಿದರು. ಬೆನ್ನು ನೆಟ್ಟಗಾಯಿತು. ಕನ್ನಡಿ ಸರಿಪಡಿಸಿಕೊಂಡು, ಎರಡೇ ಸೀಟಿನ ಆ ಕಾರಿನಲ್ಲಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು:

"ಎಲ್ಲಾ ಹತ್ತಿದ್ರಾ?"