ಕೋಡು ಮುರಿಯದ ರಾಕ್ಷಸನ ಕೊಲೆ

ಬೈಲಹೊಂಗಲದಲ್ಲಿ ಕೊಲೆಗಳೇ ಆಗಿಲ್ಲವೆಂದಲ್ಲ. ಆದರೆ ಸತ್ತವನು ತಾಳೆಮರದಷ್ಟು ಎತ್ತರ, ತಲೆ ಹೋರಿಯದು, ಕಾಲಿಗೆ ಕಬ್ಬಿಣದ ಗೊರಸು. ಅವನು ಸತ್ತನೆಂದು ಬಾಯಿ ಬಡಿದುಕೊಂಡವರು ಅವನನ್ನು ಕೊಲ್ಲಲು ಇಡೀ ಬೇಸಿಗೆ ಹೊಂಚು ಹಾಕಿದ್ದವರೇ. ಇಂಥ ಕೊಲೆ ಮೂರು ಲೋಕದಲ್ಲಿ ಅದೊಂದೇ.

"ದೇವಕ್ಕಾರ, ಲಗೂನ ಬರ್ರಿ! ಕಬ್ಬಿಣಗೊರಸನ ಖೂನಿ ಆಗೇತಿ!"

ಕಾರಹುಣ್ಣಿಮೆಯ ಬೆಳಿಗ್ಗೆ ಖಾಲಿದ್ ಹೀಗೆ ಕೂಗುತ್ತ ಮೆಟ್ಟಿಲೇರಿ ಬಂದಾಗ ದೇವಕ್ಕ ಮಧುವಿನ ಜೊತೆ ಚುರುಮುರಿ ತಿನ್ನುತ್ತಿದ್ದಳು. ಖಾಲಿದ್ ಕೆಳಗಿನ ವಿಡಿಯೋ ಗೇಮ್ ಅಂಗಡಿಯ ಮಾಲೀಕ. ಮಧು ಎದುರಿನ ಝೆರಾಕ್ಸ್ ಅಂಗಡಿಯವಳು. ದೇವಕ್ಕ ಹೆಡ್ ಕಾನ್ಸ್‌ಟೇಬಲ್ ಆಗಿ ನಿವೃತ್ತಳಾದವಳು. ಸವದತ್ತಿಯ ಜಾತ್ರೆಯಲ್ಲಿ ಗುಡ್ಡದ ಕೆಳಗೆ ಲಕ್ಷ ಜೋಡಿ ಚಪ್ಪಲಿಗಳ ನಡುವೆ ಕಳುವಾದ ಒಂದೇ ಜೋಡಿಯನ್ನು ಕಳ್ಳನ ನಡಿಗೆ ನೋಡಿಯೇ ಹಿಡಿದವಳು. ದೇವಕ್ಕ ಹುಬ್ಬೇರಿಸಿದರೆ ಕಿತ್ತೂರಿನ ಕಳ್ಳರು ರಾಮದುರ್ಗದ ಬಸ್ಸು ಹತ್ತುತ್ತಾರೆಂದು ಮಧು ಎಲ್ಲರಿಗೂ ಹೇಳುತ್ತಿದ್ದಳು, ತಾನೂ ನಂಬಿದ್ದಳು.

ಅಂಗಡಿಯಲ್ಲಿ ಇಬ್ಬರು ಹುಡುಗರು ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತಿದ್ದರು. ಒಬ್ಬ ನಿಂಗರಾಜ, ಕಾಳಿನ ವ್ಯಾಪಾರಿ ಸೋಮಪ್ಪನ ಮಗ. ಇನ್ನೊಬ್ಬ ಫೈಜಾನ್, ಟೆಂಪೋ ಡ್ರೈವರ್ ಲಾಲಸಾಬನ ಮಗ. ಪಿಯುಸಿ ಮುಗಿಸಿದ ಇಬ್ಬರೂ ಆ ಬೇಸಿಗೆ ಒಂದೇ ಆಟವನ್ನು ಹಂಚಿಕೊಂಡು ಆಡಿದ್ದರು. ಕತ್ತಿ ಹಿಡಿದ ಒಬ್ಬ ವೀರ, ದಾರಿಯುದ್ದಕ್ಕೂ ರಾಕ್ಷಸರು, ಕೊನೆಗೆ ಈ ಕಬ್ಬಿಣಗೊರಸ. ಅವನ ಕೈಯಲ್ಲಿ ಇವರು ಸತ್ತ ಸಾವುಗಳನ್ನು ಸಾಲಾಗಿ ನಿಲ್ಲಿಸಿದ್ದರೆ ಸಾಲು ಯರಗಟ್ಟಿ ದಾಟಿ ಕಟಕೋಳ ಮುಟ್ಟುತ್ತಿತ್ತು. ಅವನನ್ನು ಇಬ್ಬರೂ ಕೂಡಿಯೇ ಕೊಲ್ಲಬೇಕು, ಒಬ್ಬನಿಲ್ಲದೆ ಇನ್ನೊಬ್ಬ ರಿಮೋಟ್ ಮುಟ್ಟಬಾರದು ಎಂದು ಆಣೆ ಮಾಡಿಕೊಂಡಿದ್ದರು. ಮರುದಿನ ಬೆಳಿಗ್ಗೆ ಫೈಜಾನ್ ಹುಬ್ಬಳ್ಳಿಯ ಗ್ಯಾರೇಜಿಗೆ ಕೆಲಸಕ್ಕೆ ಹೊರಡುವವನು. ಉಳಿದದ್ದು ಅದೊಂದೇ ದಿನ.

"ನಾಳೆ ಹೊಕ್ಕೇನಿ ಅಂತ ಒಬ್ಬನ ಬಂದು ಹೊಡದಾನ್ರೀ ಇಂವಾ," ಎಂದ ನಿಂಗರಾಜ.

"ನಾ ನಿನ್ನೆ ಮಧ್ಯಾಹ್ನ ಕಿತ್ತೂರಾಗ ಅತ್ತಿ ಮನ್ಯಾಗಿದ್ದೆ. ಇಲ್ಲಿ ಇದ್ದಾಂವ ನೀನಲೇ, ದಗಾಕೋರ!" ಎಂದ ಫೈಜಾನ್.

"ನಾ ಉಂಡು ಮಲಗಿದ್ದೆ!"

"ನಾಳಿಂದ ನನಗ ಫೋನ್ ಮಾಡಬ್ಯಾಡ. ಹುಬ್ಬಳ್ಳಿ ನಂಬರನ ಕೊಡೂದಿಲ್ಲ ತಗೋ."

ಕೊಲೆಗಿಂತ ಇದು ಹತ್ತು ಪಟ್ಟು ಕೆಟ್ಟದ್ದೆಂದು ಮಧುವಿಗೆ ಅನಿಸಿತು. ಸಂಜೆಯೊಳಗೆ ಕೊಲೆಗಾರ ಸಿಗದಿದ್ದರೆ ಈ ಸ್ನೇಹದ ಕತೆ ಮುಗಿದಂತೆ.

ದೇವಕ್ಕ ಸ್ಟೂಲೆಳೆದು ಕೂತಳು. "ಖಾಲಿದ್, ನಿನ್ನೆ ಏನೇನಾತು, ಹೇಳಪಾ."

"ನಿನ್ನೆ ಶುಕ್ರವಾರ ಅಲ್ರೀ? ಹುಡುಗೂರು ಆಟ ನಡಕ ಬಿಟ್ಟು ಊಟಕ್ಕ ಹೋದ್ರು, ಮತ್ತ ಬರಲಿಲ್ಲ. ನಾ ಶಟರ್ ಅರ್ಧ ಎಳದು ನಮಾಜಿಗೆ ಹೋದೆ, ಹಂಗ ಮನಿಗೆ ಹೋಗಿ ಉಂಡು ಬಂದೆ. ಬಂದು ನೋಡಿದ್ರ ಮಷಿನ್ ಬಂದ್ ಆಗಿತ್ತು. ಕರೆಂಟ್ ಹೋಗಿತ್ತೇನೋ ಅಂತ ಸುಮ್ಮನಾದೆ. ಇವತ್ತು ಮುಂಜಾನೆ ಹುಡುಗೂರು ಹಚ್ಚಿ ನೋಡಿದ್ರ ಇಂವಾ ಸತ್ತು ಬಿದ್ದಿದ್ದ."

"ಆರಿಸಿದ್ರ ಆಟ ಅಳಿಸಿ ಹೋಗೂದಿಲ್ಲೇನು?"

"ಇಲ್ರೀ. ದೊಡ್ಡ ರಾಕ್ಷಸ ಸತ್ತ ಕೂಡ್ಲೇ ಅದು ತಾನ ಕಾರ್ಡಿನ್ಯಾಗ ಬರಕೊಂತೈತಿ. ಸತ್ತ ಜಾಗಾದ್ದು ಒಂದು ಚಿತ್ರಾನೂ ಇಡತೈತಿ."

ಖಾಲಿದ್ ಚಿತ್ರ ತೋರಿಸಿದ. ಕಬ್ಬಿಣಗೊರಸ ಬಿದ್ದಿದ್ದ. ಹಿಂಗಾಲೊಂದು ಪುಡಿಪುಡಿಯಾಗಿತ್ತು. ಕೋಡುಗಳೆರಡೂ ಮಾತ್ರ ಒಂದು ಗೀರಿಲ್ಲದೆ ನೆಟ್ಟಗಿದ್ದವು. ವೀರನ ಚೀಲದಲ್ಲಿ ಔಷಧದ ಬಾಟಲಿಗಳು ತುಂಬಿದಂತೆಯೇ ಇದ್ದವು.

"ನೀವು ಇವನ್ನ ಹೆಂಗ ಹೊಡೀತಿದ್ರಿ?"

"ಮೊದಲ ಕೋಡು ಮುರೀಬೇಕ್ರೀ," ಎಂದ ಫೈಜಾನ್. "ಅಂವಾ ಹಾಯಾಕ ಬಂದ ಅಂದ್ರ ಹಿಂದಕ ಓಡೂದು, ಔಷಧ ಕುಡಿಯೂದು, ಮತ್ತ ಕೋಡಿಗೆ ಹೊಡಿಯೂದು."

"ಇಬ್ಬರೂ ಹಂಗನ?"

"ಇಬ್ಬರೂ ಹಂಗರೀ," ಎಂದ ನಿಂಗರಾಜ. ಅಷ್ಟು ಹೊತ್ತಿನಲ್ಲಿ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ರಿಮೋಟನ್ನು ತಿರುಗಿಸಿ ನೋಡುತ್ತಿದ್ದ ಮಧು ಚೀರಿದಳು. ಗುಂಡಿಗಳ ಸಂದಿಯಲ್ಲಿ ಕೆಂಪು ಕಲೆ! ಎತ್ತಿನ ಕೋಡಿಗೆ ಬಳಿಯುವ ಹುರಮಂಜು. ಕಾರಹುಣ್ಣಿಮೆಯ ಮುನ್ನಾದಿನವೇ ಕೆಲವರು ಮೊದಲ ಕೈ ಬಳಿದು ಒಣಗಿಸುತ್ತಾರೆ. ಮಧು ಷರ್ಲಾಕುಗಳ ವಂಶದ ಕೊನೆಯ ಕುಡಿಯಂತೆ ಎದೆಯುಬ್ಬಿಸಿದಳು. "ಫೈಜಾನನ ಮನ್ಯಾಗ ಎತ್ತಿಲ್ಲ, ಖಾಲಿದ್ ಭಾಯ್ ಮನ್ಯಾಗೂ ಇಲ್ಲ. ಎತ್ತು ಇರೂದು ನಿಂಗರಾಜನ ಮನ್ಯಾಗ. ಕೇಸ್ ಮುಗೀತು!"

"ಎತ್ತಿನ ಹತ್ರ ನನ್ನ ಅಪ್ಪ ಬಿಡೂದ ಇಲ್ಲಕ್ಕಾ," ಎಂದ ನಿಂಗರಾಜ. ಯಾರೂ ನಂಬಲಿಲ್ಲ.

ದೇವಕ್ಕ ಮಾತ್ರ, "ಖಾಲಿದ್, ನಿನ್ನ ಅಂಗಡಿಗೆ ಆಟ ಆಡದವರು ಯಾರರೆ ಬರ್ತಾರೇನು?" ಎಂದಳು.

"ಸೋಮಪ್ಪ ಸಾವಕಾರ್ರು ದಿನಾ ಬರ್ತಾರ್ರಿ, ಮಗನ್ನ ಎಳಕೊಂಡು ಹೋಗಾಕ. ಬಾಗಲದಾಗ ನಿಂತು ಬೈತಾರ ನೋಡ್ರಿ, ಬೈಕೋಂತ ಬೈಕೋಂತ ಅರ್ಧ ತಾಸು ನಿಂತ ಬಿಡ್ತಾರ."

"ಸಂಜಿಗೆ ಅವರನ್ನೂ ಕರೀರಿ. ಮಗನ ಮ್ಯಾಲೆ ಕೇಸ್ ಐತಿ ಅಂತ ಹೇಳ್ರಿ."

ಸಂಜೆ ಎತ್ತುಗಳನ್ನು ಓಡಿಸಿ ಕರಿ ಹರಿಯುವ ಮೊದಲೇ ಎಲ್ಲರೂ ಅಂಗಡಿಯಲ್ಲಿ ನೆರೆದರು. ಸೋಮಪ್ಪ ಬಂದದ್ದೇ ಸಿಡಿದ. "ಈ ಫೈಜಾನ್ಯಾ ನನ್ನ ಮಗನ್ನ ಕೆಡಿಸಿದ. ದೇವಕ್ಕಾ, ಲಗೂ ಮುಗಸು, ನನ್ನ ಹೋರಿ ಕಾಯಾಕ ಹತ್ತ್ಯಾವು."

"ಹೌದಲ್ಲ, ನಿಮ್ಮ ಜೋಡಿ ಈ ಸಲ ಭಾಳ ಚಂದ ಕಾಣಸ್ತಾವ ಸೋಮಪ್ಪಣ್ಣ. ಕೋಡಿಗೆ ಬಣ್ಣ ಹಚ್ಚಿದಾಂವ ನಿಂಗರಾಜನ?"

"ಅಂವಾ?" ಸೋಮಪ್ಪ ನಕ್ಕ ನಗೆಗೆ ಅಂಗಡಿಯ ತಗಡು ನಡುಗಿತು. "ನನ್ನ ಎತ್ತಿಗೆ ನನ್ನ ಕೈನ ಆಗಬೇಕು. ನಿನ್ನೆ ಮುಂಜಾನೆ ನಾನ ಹಚ್ಚೇನಿ."

ದೇವಕ್ಕ ತಲೆಯಾಡಿಸಿ ಎದ್ದು ನಿಂತಳು.

"ಕೇಳ್ರಿ. ಔಷಧದ ಬಾಟ್ಲಿ ಒಂದೂ ಖಾಲಿ ಆಗಿಲ್ಲ. ಅಂದ್ರ ಕೊಂದಾಂವಗ ಚೀಲ ತೆಗಿಯಾಕ ಬರೂದಿಲ್ಲ. ಈ ಹುಡುಗೂರಿಗೆ ಕಣ್ಣು ಮುಚ್ಚಿದ್ರೂ ಬರ್ತೈತಿ. ಕೊಂದ ಮ್ಯಾಲೆ ಮಷಿನ್ ಆರಿಸ್ಯಾನ. ಆರಿಸಿದ್ರ ರಾಕ್ಷಸ ಮತ್ತ ಎದ್ದು ನಿಲ್ತಾನ, ಯಾರಿಗೂ ಗೊತ್ತಾಗೂದಿಲ್ಲ ಅಂತ ತಿಳದಾನ. ಅಂದ್ರ ಹೊಸಬ. ಆದ್ರ ದಿನಾ ನಿಂತು ನೋಡ್ಯಾನ, ಯಾವ ಗುಂಡಿಗೆ ಕತ್ತಿ ಏಳತೈತಿ ಅಂತ ಬಲ್ಲ."

"ಮತ್ತ ಕೋಡು?" ಎಂದಳು ಮಧು, ತಡೆಯಲಾರದೆ.

"ಅದ ಜೀವಾಳ. ಹೋರಿ ಹಾಯಾಕ ಬಂದಾಗ ಹಿಂದಕ ಓಡಿದ್ರ ಕೋಡಿಗೆ ಸಿಗ್ತೀವಿ. ಹೋರಿ ಕಟ್ಟಿ ಸಾಕಿದಾಂವ ಹಿಂದಕ ಓಡೂದಿಲ್ಲ. ಪಕ್ಕೆಲುಬಿಗೆ ಹತ್ತಿ ನಿಂತು ಅದರ ಕೂಡನ ತಿರಗತಾನ. ಕಾಲು ಕೆರಿಯೂತನಕ ಕಾಯ್ತಾನ. ಒಂದ ಏಟು, ಮತ್ತ ಕಾಯೂದು. ಈ ರಾಕ್ಷಸನ್ನ ಹಂಗ ಕೊಂದಾರ, ಹಿಂಗಾಲಿಗೆ ಹೊಡದ ಹೊಡದ. ಮಾರಿಗೆ ಹೊಡದಿಲ್ಲ. ಯಾಕಂದ್ರ ಕೊಂದಾಂವ ಬಸವಣ್ಣನ ಮಾರಿಗೆ ಕೈ ಎತ್ತಾಂವಲ್ಲ, ಆಟದಾಗ ಇದ್ರೂ. ಮಗನ್ನ ಎತ್ತಿನ ಹತ್ರ ಬಿಟ್ಟಿಲ್ಲ, ಹಿಂಗಾಗಿ ಈ ಪಟ್ಟು ಮಗನಿಗೆ ಗೊತ್ತಿಲ್ಲ. ಕೈಯಾಗ ಹುರಮಂಜು ಇದ್ದಾಂವ ಒಬ್ಬನ." ದೇವಕ್ಕ ತಿರುಗಿದಳು. "ಹೌದಿಲ್ಲೋ, ಸೋಮಪ್ಪಣ್ಣ?"

ಅಂಗಡಿಯ ಕಣ್ಣುಗಳೆಲ್ಲ ಸೋಮಪ್ಪನತ್ತ ಹೊರಳಿದ ರಭಸಕ್ಕೆ ಬಜಾರದ ಎಮ್ಮೆಗಳೂ ಮೆಲುಕು ಹಾಕುವುದನ್ನು ನಿಲ್ಲಿಸಿದವು.

ಸೋಮಪ್ಪ ರುಮಾಲು ಸರಿ ಮಾಡಿಕೊಂಡ, ಮತ್ತೆ ಮಾಡಿಕೊಂಡ. "ಮಗನ್ನ ಕರಿಯಾಕ ಬಂದಿದ್ದೆ. ಅಂವಾ ಇರಲಿಲ್ಲ, ಈ ಹೋರಿ ಇತ್ತು. ನನ್ನ ನೋಡಿ ಕಾಲು ಕೆರೀತವ್ವಾ! ನನಗ! ಸುಮ್ನ ಹೆಂಗ ಹೋಗ್ಲಿ? ಎಷ್ಟು ಸಲ ಸತ್ತೆನೋ, ಅಂಗಿ ತೊಯ್ದು ಹೋತು. ಕಡೀಕ ಬಿತ್ತು ನೋಡು... ಕುಣದ ಬಿಟ್ಟೆ ಒಬ್ಬನ."

"ಅಪ್ಪಾ!" ನಿಂಗರಾಜನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನೀ ಕುಣದಿ?"

"ಕುಣದ್ನೆಪಾ. ಏನೀಗ?"

ಫೈಜಾನ್ ಮೊದಲು ನಕ್ಕ. ಆಮೇಲೆ ನಿಂಗರಾಜನ ಬೆನ್ನಿಗೆ ಗುದ್ದಿ, "ದಗಾಕೋರ ಅಂದಿದ್ದು ವಾಪಸ್ ತಗೊಂಡೆ ಲೇ," ಎಂದ. "ಅದನ್ನ ನಿಮ್ಮಪ್ಪಗ ಕೊಡ್ತೇನಿ."

"ಖಾಲಿದ್ ಭಾಯ್," ಮಧು ಕೇಳಿದಳು, "ಸತ್ತಾಂವನ್ನ ಮತ್ತ ಎಬ್ಬಸಾಕ ಬರೂದಿಲ್ಲೇನು?"

"ಬರ್ತೈತಿ. ಆಟ ಮುಗಿದ ಮ್ಯಾಲೆ ಒಂದು ಬಾಗಲಾ ತೆರೀತೈತಿ. ಆದ್ರ ಎರಡು ಪಟ್ಟು ಜೋರಿರ್ತಾನ."

ಒಂದೇ ರಿಮೋಟನ್ನು ಇಬ್ಬರೂ ಹಿಡಿದರು. ನಡಿಗೆ ಫೈಜಾನನ ಹೆಬ್ಬೆರಳಿಗೆ, ಕತ್ತಿ ನಿಂಗರಾಜನದಕ್ಕೆ. ಹಿಂದೆ ನಿಂತ ಸೋಮಪ್ಪ ಕೂಗಿದ ಕೂಗು ಸವದತ್ತಿಗೆ ಕೇಳಿಸಿತು. "ಓಡಬ್ಯಾಡ್ರೋ! ಪಕ್ಕಕ್ಕ ಹತ್ರಿ! ಕಾಯಿ, ಕಾಯಿ, ಅವಸರ ಮಾಡಬ್ಯಾಡ... ಈಗ!" ರಿಮೋಟಿನತ್ತ ಚಾಚಿದ ಅವನ ಕೈಗೆ ದೇವಕ್ಕ ಫಟ್ಟನೆ ಹೊಡೆದಳು. "ಇದು ಅವರ ಬೇಟೆ."

ಸತ್ತರು, ಎದ್ದರು, ಮತ್ತೆ ಸತ್ತರು. ಹೊರಗೆ ಕರಿ ಹರಿಯುವ ಹಲಗೆವಾದ್ಯದ ಸದ್ದು ಶುರುವಾಯಿತು. ಊರಿನ ಅತಿ ಚಂದದ ಜೋಡಿಯ ಒಡೆಯ ಕದಲಲಿಲ್ಲ. ಕೊನೆಗೆ ಕಬ್ಬಿಣಗೊರಸ ಮೊಣಕಾಲೂರಿ ಬಿದ್ದಾಗ ಹುಡುಗರಿಬ್ಬರೂ ರಿಮೋಟ್ ಬಿಡದೆ ಹಾಗೆಯೇ ಕೂತಿದ್ದರು.

"ನಾಳೆ ಎಷ್ಟಕ್ಕೈತಲೇ ನಿನ್ನ ಬಸ್?" ಎಂದ ನಿಂಗರಾಜ, ತೆರೆಯನ್ನೇ ನೋಡುತ್ತ.

ಉತ್ತರ ಕೊಟ್ಟವನು ಸೋಮಪ್ಪ. "ಬಸ್ ಯಾಕ? ನನ್ನ ಜೀಪಿನ್ಯಾಗ ಬಿಟ್ಟು ಬರೂನು. ನೀನೂ ನಡಿ ನಿಂಗ್ಯಾ. ಗ್ಯಾರೇಜ್ ಎಲ್ಲೈತಿ ಅಂತ ನೋಡಿ ಬಂದ್ರ, ಆಯಿತವಾರಕ್ಕೊಮ್ಮೆ ನೀನ ಹೋಗಿ ಬರಬಹುದು."