ಭಟ್ಟಿಯೊಳಗಿನ ಚಳಿ

ನಾನು ಹಾನಗಲ್ಲಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು, ಕಂಡದ್ದನ್ನಷ್ಟೇ ಬರೆಯುತ್ತೇನೆ. ನನ್ನಣ್ಣ ಫಕ್ಕೀರಪ್ಪನಿಗೆ ಇಲ್ಲದವರ ದನಿ ಕೇಳಿಸುವ ಕಾಯಿಲೆ. ಮಾತ್ರೆಯಿಂದ ದನಿ ಅಡಗಿತ್ತು. ಗಾಂಜಾ ಮುಟ್ಟಿದರೆ ಮತ್ತೆ ಬರುತ್ತದೆ ಎಂದು ವೈದ್ಯರು ಎಚ್ಚರಿಸಿದ್ದರು. ಅದು ಗೊತ್ತಿದ್ದೇ ಅಕ್ಕಿಆಲೂರಿನ ಚುರುಮುರಿ ಭಟ್ಟಿಯ ಗೆಳೆಯರು ತಮಾಷೆ ನೋಡಲು ಅವನಿಗೆ ಚಿಲುಮೆ ಕೊಡುತ್ತಿದ್ದರು.

ಅಂದು ಮಧ್ಯಾಹ್ನ ಅವನನ್ನು ಕರೆತರಲು ಹೋದೆ. ಭಟ್ಟಿ ಧಗಧಗ ಉರಿಯುತ್ತಿತ್ತು. ಆದರೂ ಅದರ ಮುಂದೆ ನನ್ನ ಉಸಿರು ಹೊಗೆಯಾಗಿ ಕಾಣುತ್ತಿತ್ತು. ಕಾದ ಮರಳಿಗೆ ಸುರಿದ ಅಕ್ಕಿ ಒಂದೂ ಅರಳಲಿಲ್ಲ.

"ಏನಂತಾಳಲೇ ಒಳಗಿನಾಕಿ?" ಚಿಲುಮೆ ಸೇದಿ ಭಟ್ಟಿಯ ಬಾಯಿಗೆ ಕಿವಿಗೊಟ್ಟು ಕೂತಿದ್ದ ಅಣ್ಣನನ್ನು ಭಟ್ಟಿಯ ನಿಂಗರಾಜ ನಗುತ್ತ ಕೇಳಿದ.

"ಭಾಳ ಚಳಿ ಅಂತಾಳ. ಕೈ ಹಿಡಿ ಅಂತಾಳ," ಅಂದ ಅಣ್ಣ.

"ಹಿಡಿಯಲೇ ಮತ್ತ! ಹೆಣ್ಣ ತಾನಾಗೇ ಕರದ್ರ ಒಲ್ಲೆ ಅಂತಾರೇನ?"

ನಾನು ಚೀರುವಷ್ಟರಲ್ಲಿ ಅಣ್ಣ ಮೊಣಕೈವರೆಗೂ ಬೆಂಕಿಯೊಳಗೆ ಎರಡೂ ಕೈಯಿಟ್ಟಿದ್ದ. ಅವನನ್ನು ಹೊರಗೆಳೆದ ನಿಂಗರಾಜನ ಅಂಗೈ ಸುಟ್ಟು ಬೊಬ್ಬೆಯೆದ್ದಿತು. ಅಣ್ಣನ ತೋಳಿನ ಕೂದಲೂ ಸುಟ್ಟಿರಲಿಲ್ಲ. ಬೆರಳುಗಳು ಮಾತ್ರ ಕಪ್ಪಾಗಿದ್ದವು.

ಹುಬ್ಬಳ್ಳಿಯಲ್ಲಿ ಹತ್ತೂ ಬೆರಳು ಕತ್ತರಿಸಿದ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದರು. "ಇವು ಸುಟ್ಟ ಬೆರಳಲ್ಲರಿ ಅಕ್ಕೋರ, ಹೆಪ್ಪುಗಟ್ಟಿ ಸತ್ತಾವು. ನಿಮ್ಮಣ್ಣ ಐಸ್ ಫ್ಯಾಕ್ಟರ್ಯಾಗ ಕೆಲಸ ಮಾಡ್ತಾರೇನು?"